ಟೈಲರ್ ಮರ ಕಡಿಯಲು ಹೊರಟದ್ದು

ಹೆಂಡತಿ: ಬೇಡ ಅಂದ್ರೆ ಬೇಡ. ಬಟ್ಟೆ ತಪ್ಪಿ ಕತ್ತರಿಸಿದ್ರೆ ಅಲ್ಲೊಂದು ಜೇಬು ಹೊಲಿದು ಮಾನ ಉಳಿಸ್ಕೋತೀರಿ. ಮರ ತಪ್ಪಿ ಬಿದ್ರೆ ಎಲ್ಲಿ ಜೇಬು ಇಡ್ತೀರಿ?

ಟೈಲರ್: ಜೇಬಿನ ಮಾತು ಬಿಡು. ಮೂವತ್ತು ವರ್ಷದಿಂದ ಕತ್ತರಿ ಹಿಡಿದ ಕೈ ಕಣೇ ಇದು.

ಹೆಂಡತಿ: ಆ ಕೈಗೆ ಒಂದು ಪಿನ್ನು ಚುಚ್ಚಿದ್ರೆ ಮಧ್ಯಾಹ್ನವೆಲ್ಲ ಅಂಗಡಿ ಮುಚ್ತೀರಿ.

ಮಾತು ನಿಜವಾಗಿತ್ತು. ವಿಷಯ ಇಷ್ಟೇ: ಹಿತ್ತಲಲ್ಲೊಂದು ಒಣಮರ. ಅದರ ಒಂದು ಪಕ್ಕಕ್ಕೆ ಖಾಲಿ ಜಾಗ, ಇನ್ನೊಂದು ಪಕ್ಕಕ್ಕೆ ಹೊಲಿಗೆ ಮಿಷಿನ್ ಇಟ್ಟ ಹೆಂಚಿನ ಕೋಣೆ. ಗಾಳಿ ಬೀಸಿದಾಗಲೆಲ್ಲ ಮರ ಕಿರುಗುಟ್ಟುತ್ತಿತ್ತು. ಕೋಣೆಯ ಮೇಲೆ ಬಿದ್ದರೆ ಮನೆಮಂದಿಯ ಅನ್ನವೇ ಹೋದಂತೆ. ಕಡಿಯುವವರನ್ನು ಕರೆಸಿದ್ದರೆ ಮುಗಿಯುತ್ತಿತ್ತು. ಆದರೆ ಮಾವನ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಟೈಲರ್, "ಒಂದು ಮರ ಕಡಿಯೋಕೆ ಇನ್ನೊಬ್ಬರು ಯಾಕೆ, ನಾನಿಲ್ವಾ?" ಎಂದು ಎದೆ ತಟ್ಟಿಕೊಂಡಿದ್ದ. ಬಸ್ ಕಂಡಕ್ಟರ್ ಆಗಿದ್ದ ಭಾವಮೈದುನ ಅದನ್ನೇ ನೆಪ ಮಾಡಿಕೊಂಡು, ಗೆಳೆಯನೊಬ್ಬನಿಂದ ಮರ ಕೊಯ್ಯುವ ಮಿಷಿನ್ ಇಸಿದುಕೊಂಡು ಬಂದು ಎದುರಿಗೇ ಇಟ್ಟುಬಿಟ್ಟಿದ್ದ.

ಭಾವಮೈದುನ: ಹೆಲ್ಮೆಟ್ಟು ಸರಿ, ಕನ್ನಡಕ ಸರಿ. ಕಾಲಿಗೆ ಕಟ್ಕೊಂಡಿರೋದು ಏನು ಭಾವ?

ಟೈಲರ್: ರಕ್ಷಣೆಗೆ. ನಾಲ್ಕು ಪದರ ಕ್ಯಾನ್ವಾಸು. ನಾನೇ ಹೊಲಿದದ್ದು.

ಭಾವಮೈದುನ: ಮಿಷಿನ್ನಿನ ಹಲ್ಲಿನ ಚೈನ್ ತಾಗಿದ್ರೆ ನಾಲ್ಕು ಪದರಾನೂ ಒಂದೇ ಸಲಕ್ಕೆ ಹರಿಯತ್ತೆ. ಅದಕ್ಕೇ ಅಂತ ಬೇರೆ ಪ್ಯಾಂಟು ಬರತ್ತೆ. ಅದರ ನೂಲು ಚೈನಿಗೆ ಸಿಕ್ಕಿಕೊಂಡು ಮಿಷಿನ್ ನಿಂತುಹೋಗತ್ತೆ.

ಟೈಲರ್: ನೂಲು ಸಿಕ್ಕಿಕೊಂಡು ಮಿಷಿನ್ ನಿಲ್ಲೋದಾ? ಅದು ನನ್ನ ಅಂಗಡೀಲಿ ದಿನಾ ಆಗತ್ತೆ.

ಹೆಂಡತಿ: ಆ ಕ್ಯಾನ್ವಾಸಿಗೂ ಎರಡು ಜೇಬು ಇಟ್ಟಿದ್ದಾರೆ ನೋಡು.

ಭಾವಮೈದುನ: ಇರಲಿ, ಪಾಠ ಒಪ್ಪಿಸಿ ನೋಡೋಣ. ಮೊದಲು?

ಟೈಲರ್: ಮರ ಯಾವ ಕಡೆ ಬೀಳಬೇಕೋ ಆ ಕಡೆ ಬುಡದಲ್ಲಿ ಬಾಯಿ ತೆಗೀಬೇಕು. ಆಮೇಲೆ ಹಿಂದಿನಿಂದ ಸ್ವಲ್ಪ ಮೇಲೆ ಕೊಯ್ತಾ ಬರಬೇಕು. ಪೂರ್ತಿ ಕೊಯ್ಯಬಾರದು. ನಡುವೆ ಒಂದು ಪಟ್ಟಿ ಬಿಡಬೇಕು. ಬಾಗಿಲಿನ ಕೀಲಿನ ಹಾಗೆ, ಮರ ಅದರ ಮೇಲೇ ಬಾಗತ್ತೆ.

ಭಾವಮೈದುನ: ಎಷ್ಟು ಬಿಡ್ತೀರಿ?

ಟೈಲರ್: ಧಾರಾಳವಾಗಿ ಬಿಡ್ತೀನಿ. ಮುಂದೆ ದಪ್ಪ ಆದ್ರೆ ಬಿಚ್ಚೋಕೆ ಬೇಕಲ್ಲ.

ಹೆಂಡತಿ: ಒಣಮರ ದಪ್ಪ ಆಗತ್ತಾ ರೀ?

ಟೈಲರ್: ಅಭ್ಯಾಸ ಕಣೇ, ಬಾಯಿಗೆ ಬಂದುಬಿಡ್ತು.

ಭಾವಮೈದುನ: ಮರ ಅಲುಗಿದ ತಕ್ಷಣ?

ಟೈಲರ್: ಹಿಂದಕ್ಕೆ ಓರೆಯಾಗಿ ಸರಿದುಬಿಡಬೇಕು. ನೇರ ಹಿಂದೆ ನಿಂತ್ರೆ ಬುಡ ಎಗರಿ ಎದೆಗೆ ಒದೆಯತ್ತೆ. ಆ ದಾರೀನ ಬೆಳಿಗ್ಗೆನೇ ಗುಡಿಸಿದ್ದೀನಿ.

ಹೆಂಡತಿ: ಮದುವೆಯಾದ ಮೇಲೆ ಇವರು ಪೊರಕೆ ಹಿಡಿದದ್ದು ಇದೇ ಮೊದಲು. ಅದೂ ಓಡಿಹೋಗೋಕೆ!

ಟೈಲರ್ ಕಿವಿಯ ಹಿಂದಿನಿಂದ ಚಾಕ್ ತೆಗೆದು, ಬುಡದ ಮೇಲೆ ಕಾಲರಿಗೆ ಎಳೆಯುವಷ್ಟು ಚೆಂದವಾಗಿ ಗೆರೆ ಎಳೆದ. ಭಾವಮೈದುನ ಅಕ್ಕನನ್ನು ಕರೆದುಕೊಂಡು ಮರದ ಎತ್ತರದ ಎರಡರಷ್ಟು ದೂರ ಹೋಗಿ ನಿಂತು, ರೂಢಿಯಂತೆ "ರೈಟ್ ರೈಟ್" ಎಂದ. ಟೈಲರ್ ಮಿಷಿನ್ನನ್ನು ನೆಲದ ಮೇಲೆ ಒತ್ತಿ ಹಿಡಿದು ಚಾಲೂ ಮಾಡುವ ಹಗ್ಗ ಎಳೆದ. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ, ಮತ್ತೆ ಮತ್ತೆ ಎಳೆದ. ತೋಳು ಬಿದ್ದುಹೋಯಿತೇ ಹೊರತು ಮಿಷಿನ್ ಉಸಿರೆತ್ತಲಿಲ್ಲ.

ಹೆಂಡತಿ: ರೀ, ನಿಲ್ಸಿ! ಬಾಯಿ ತೆಗೆಯೋ ಗೆರೆ ಯಾವ ಕಡೆ ಎಳೆದಿದ್ದೀರಿ? ನಮ್ಮ ಕೋಣೆ ಕಡೆಗಲ್ವಾ ಅದು?

ಟೈಲರ್ ಗೆರೆ ನೋಡಿದ, ಖಾಲಿ ಜಾಗ ನೋಡಿದ, ಕೋಣೆಯ ಕಿಟಕಿ ನೋಡಿದ. ಒಳಗೆ ಅರ್ಧ ಹೊಲಿದ ಅಂಗಿಯೊಂದು ಮಿಷಿನ್ನಿನ ಮೇಲೇ ಇತ್ತು. ಅವನು ಹಗ್ಗ ಕೈಬಿಟ್ಟ.

ಭಾವಮೈದುನ: ಅಷ್ಟು ಚೆನ್ನಾಗಿ ಪಾಠ ಒಪ್ಪಿಸಿ, ಇದ್ಯಾಕೆ ಹೀಗೆ ಭಾವ?

ಟೈಲರ್: ಚಾಕ್ ಗೆರೆ ಬಟ್ಟೆಯ ಉಲ್ಟಾ ಬದಿಗೇ ಎಳೆಯೋದು, ಎದುರಿಗೆ ಕಲೆ ಕಾಣಬಾರದು ಅಂತ. ಕೈ ತಾನಾಗಿ ಆ ಕಡೆ ಹೋಯ್ತು.

ಹೆಂಡತಿ: ಮರಕ್ಕೂ ಉಲ್ಟಾ ಬದಿ ಹುಡುಕಿದ್ರಲ್ಲ!

ಟೈಲರ್: ಹುಡುಕಲಿಲ್ಲ ಕಣೇ. ಹುಡುಕದೇ ಸಿಕ್ಕಿಬಿಡ್ತು, ಅಂಥ ಜಾಣ ನಾನು.

ಅವನು ಅಲ್ಲೇ ಕುಸಿದು ಕೂತ. ಕಾಲಿನ ಕ್ಯಾನ್ವಾಸು ಬಿಚ್ಚತೊಡಗಿದ.

ಟೈಲರ್: ನನಗೆ ಭಯ ಆಗ್ತಿದೆ. ಬೆಳಿಗ್ಗೆಯಿಂದಲೂ ಆಗ್ತಿತ್ತು. ಬೇಡ ಅಂದ್ರೆ ನಿಮ್ಮನೆಯವರೆಲ್ಲ ನಗ್ತಾರಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ.

ಭಾವಮೈದುನ: ನಾವು ಮದುವೆ ದಿನದಿಂದಲೇ ನಗ್ತಾ ಇದ್ದೀವಿ ಭಾವ. ಇದಕ್ಕಂತ ಹೊಸದಾಗಿ ಶುರು ಮಾಡಬೇಕಾಗಿಲ್ಲ.

ಹೆಂಡತಿ ಹತ್ತಿರ ಬಂದು ಗಂಡನ ಹೆಲ್ಮೆಟ್ ತೆಗೆದು, ಸೆರಗಿನಿಂದ ಹಣೆಯ ಬೆವರು ಒರೆಸಿದಳು.

ಹೆಂಡತಿ: ಮರ ಕಡಿಯೋನಿಗೆ ನಾನು ಮೊನ್ನೆನೇ ಹೇಳಿದ್ದೀನಿ.

ಟೈಲರ್: ಮತ್ತೆ ಇಷ್ಟು ಹೊತ್ತು ಜಗಳ ಯಾಕೆ? ಈ ಮಿಷಿನ್ ಹತ್ತಿಬಿಟ್ಟಿದ್ರೆ?

ಹೆಂಡತಿ: ಹತ್ತಲ್ಲ. ಪೆಟ್ರೋಲ್ ತೆಗೆಸಿಟ್ಟಿದ್ದೀನಿ. ಬರೀ ಬಾಯಿಮಾತಲ್ಲಿ ಹೇಳಿದ್ರೆ ನೀವು ಕೇಳೋರಾ? ಕೋಣೆ ಬಿದ್ರೆ ಮತ್ತೆ ಕಟ್ಟಿಸ್ಕೋಬಹುದು. ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?

ಟೈಲರ್ ಮಿಷಿನ್ನಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿದ.

ಟೈಲರ್: ನಾನು ಚೈನಿಗೆ ಎಣ್ಣೆ ಮಾತ್ರ ಬಿಟ್ಟಿದ್ದೆ. ಪೆಟ್ರೋಲ್ ಬೇಕು ಅಂತ ಹೊಳೀಲೇ ಇಲ್ಲ. ನನ್ನ ಮಿಷಿನ್ ಕಾಲಲ್ಲಿ ತುಳಿದ್ರೆ ಓಡತ್ತಲ್ಲ. ಸರಿ, ಅವನು ಯಾವತ್ತು ಬರ್ತಾನಂತೆ?

ಹೆಂಡತಿ: ಖಂಡಿತ ಸೋಮವಾರ ಅಂದ.

ಟೈಲರ್: ಖಂಡಿತ ಅಂದ್ನಾ? ಹಾಗಾದ್ರೆ ಬರಲ್ಲ ಬಿಡು. ನಾನು 'ಖಂಡಿತ ಸೋಮವಾರ' ಅಂದ ಬಟ್ಟೆ ಒಂದನ್ನೂ ಸೋಮವಾರ ಕೊಟ್ಟಿಲ್ಲ.

ಹೆಂಡತಿ: ಇಷ್ಟು ವರ್ಷ ಟೈಲರ್ ಜೊತೆ ಸಂಸಾರ ಮಾಡಿ ನನಗೆ ಅದು ಗೊತ್ತಿಲ್ವಾ? ಬರ್ತಾನೆ, ಬಂದೇ ಬರ್ತಾನೆ. ನೀವು ಹಗ್ಗ ಎಳೆದೂ ಎಳೆದೂ ಸುಸ್ತಾದ್ರಲ್ಲ, ಆ ಮಿಷಿನ್ ಅವನದೇ, ನನ್ನ ತಮ್ಮನ ಗೆಳೆಯನೇ ಅವನು. ಅಲ್ಲೀವರೆಗೆ ಅದು ನನ್ನ ಮಂಚದ ಕೆಳಗಿರತ್ತೆ. ಅವನ ಕೈಗೆ ಕೊಡೋದು ಈ ಮರದ ಬುಡದಲ್ಲೇ!