ಗರ್ಟಿ ದಾಟುವ ರಸ್ತೆ

ಕಳೆದ ತಿಂಗಳು ಒಂದು ಶನಿವಾರ ಸಂಜೆ ಗರ್ಟಿ ಎಂಬ ಹಸು ನಡುರಸ್ತೆಯ ಹಳದಿ ಗೆರೆಯ ಮೇಲೆ ನಿಂತಿತು, ನಿಂತೇ ಇತ್ತು. ಗುಡ್ಡದ ಮೇಲಿಂದ ಗುಲಾಬಿ, ಕಿತ್ತಳೆ ಬಣ್ಣದ ಬಿಗಿ ಬಟ್ಟೆ ತೊಟ್ಟ ಪಟ್ಟಣದ ಸೈಕಲ್ ಸವಾರರು ಗುಂಪಾಗಿ ಸುಯ್ಯೆಂದು ಇಳಿದು ಬಂದದ್ದನ್ನು ಅದು ಕಂಡಿತ್ತು. ಗರ್ಟಿ ನಿಂತ ಮೇಲೆ ಹಿಂದಿದ್ದ ನಲವತ್ತು ಹಸುಗಳೂ ನಿಂತವು. ಮುಕ್ಕಾಲು ಗಂಟೆ ಯಾರೂ ಅತ್ತಿತ್ತ ಹೋಗಲಿಲ್ಲ. ಮರುದಿನದಿಂದ ಗರ್ಟಿ ರಸ್ತೆಯ ಅಂಚಿಗೆ ಬಂದಾಗಲೆಲ್ಲ ಗುಡ್ಡದ ಕಡೆ ನೋಡಿ ಕಾಲು ಊರಿ ನಿಲ್ಲತೊಡಗಿತು.

ಹಸುಗಳ ಒಡೆಯ ಹಾರ್ಲನ್ ಟ್ವೆಟನ್‌ಗೆ ಇದು ನಗುವ ಮಾತಾಗಿರಲಿಲ್ಲ. ಕೊಟ್ಟಿಗೆ ರಸ್ತೆಯ ಈಚೆ, ಹುಲ್ಲುಗಾವಲು ಆಚೆ. ಅಜ್ಜನ ಕಾಲದಿಂದ ಹಸುಗಳು ದಿನವೂ ಹೋಗಿ ಬಂದದ್ದು ಆ ಒಂದೇ ದಾರಿಯಲ್ಲಿ. ದಾಟದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ವಿಸ್ಕಾನ್ಸಿನ್ನಿನ ಆ ಮೂಲೆಯಲ್ಲಿ ಹಾರ್ಲನ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಅವನು ಭಾನುವಾರದ ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುವಾಗ ಒಂದು ಹಾಳೆ ಹಿಡಿದು ತಿರುಗಿದ. ಈ ರಸ್ತೆಯಲ್ಲಿ ಸೈಕಲ್ ನಿಷೇಧಿಸಬೇಕು ಎಂದು ಮೂವತ್ತೊಂದು ಮಂದಿ ಸಹಿ ಹಾಕಿಕೊಟ್ಟರು.

ಕೌಂಟಿಯವರು, ಅಂದರೆ ಅಲ್ಲಿಯ ಜಿಲ್ಲಾಡಳಿತದವರು, ಅರ್ಜಿಯನ್ನು ತಳ್ಳಿಹಾಕಲಿಲ್ಲ, ಒಪ್ಪಲೂ ಇಲ್ಲ. ಒಂದು ದಿನ ಎಣಿಸಿ ನೋಡೋಣ ಎಂದರು. ಅದಕ್ಕೆ ಗೊತ್ತುಮಾಡಿದ ಶನಿವಾರ ಬೆಳಿಗ್ಗೆ ರಾಡ್ನಿ ಎಂಬ ರಸ್ತೆ ಇಲಾಖೆಯವನು ಬಂದು ಹಾರ್ಲನ್ ಮನೆಯ ಮುಂದೆ ರಸ್ತೆಗೆ ಅಡ್ಡಲಾಗಿ ಎರಡು ಕರಿ ರಬ್ಬರ್ ಕೊಳವೆ ಹಾಸಿ, ಅವುಗಳ ತುದಿಯ ಎಣಿಕೆ ಪೆಟ್ಟಿಗೆಯನ್ನು ಕಂಬಕ್ಕೆ ಬೀಗ ಹಾಕಿ ಬಿಗಿದ. ಕಾರು ಯಾವುದು, ಟ್ರ್ಯಾಕ್ಟರ್ ಯಾವುದು, ಸೈಕಲ್ ಯಾವುದು ಎಂಬುದು ಪೆಟ್ಟಿಗೆಗೇ ಗೊತ್ತಾಗುತ್ತದಂತೆ. ಸಂಜೆ ಐದಕ್ಕೆ ಬಂದು ತೆಗೆಯುತ್ತೇನೆಂದ.

"ಲೆಕ್ಕ ಜಾಸ್ತಿ ಬಂದ್ರೆ ಏನ್ ಮಾಡ್ತಾರೆ?" ಎಂದು ಹಾರ್ಲನ್ ಕೇಳಿದ.

"ಕೊಳವೆ ಹಾಸೋದು ನನ್ ಕೆಲಸ. ಮಾಡೋರು ಸಮಿತಿಯೋರು. ಆದ್ರೆ ಲೆಕ್ಕ ಜಾಸ್ತಿ ಬಂತೋ, ಏನಾದ್ರೂ ಮಾಡದೆ ಬಿಡೋರಲ್ಲ ಬಿಡಿ," ಎಂದು ರಾಡ್ನಿ ವ್ಯಾನು ಹತ್ತಿದ.

ಹಾರ್ಲನ್ ಕುರ್ಚಿ ಹಾಕಿಕೊಂಡು ಜಗಲಿಯಲ್ಲಿ ಕೂತ. ಎಂಟಾಯಿತು, ಒಂಬತ್ತಾಯಿತು. ಬೇರೆ ಶನಿವಾರಗಳಲ್ಲಿ ಮಿಡತೆಗಳ ಹಾಗೆ ಬರುತ್ತಿದ್ದ ಸೈಕಲ್ಲುಗಳಲ್ಲಿ ಒಂದರ ಸುಳಿವೂ ಇಲ್ಲ. ಹತ್ತು ಗಂಟೆಗೆ ರೇಡಿಯೋದವನು ಹೇಳಿದ: ಪಕ್ಕದ ಕೌಂಟಿಯಲ್ಲಿ ಇವತ್ತು ದೊಡ್ಡ ಸೈಕಲ್ ಮೇಳ, ಸುತ್ತಲ ಸವಾರರೆಲ್ಲ ಅಲ್ಲೇ ಸೇರಿದ್ದಾರೆ. ಆಚೆಯ ಬೇಲಿಯ ಮೇಲೆ ಗದ್ದವಿಟ್ಟು ಗರ್ಟಿಯೂ ಖಾಲಿ ರಸ್ತೆಯನ್ನೇ ನೋಡುತ್ತಿತ್ತು.

ಮನುಷ್ಯನಿಗೆ ಕೆಟ್ಟ ಯೋಚನೆ ಬರುವುದು ಸಾಮಾನ್ಯವಾಗಿ ಕೈಗೆ ಕೆಲಸವಿಲ್ಲದೆ ಕೂತಾಗ. ಹಾರ್ಲನ್ ಎದ್ದು ಯಂತ್ರಗಳ ಕೊಟ್ಟಿಗೆಗೆ ಹೋಗಿ, ಗೋಡೆಗೆ ನೇತುಹಾಕಿದ್ದ ಹೆಂಡತಿ ಮಾರ್ಲಿಸಳ ಹಳೆಯ ನೀಲಿ ಸೈಕಲ್ ಇಳಿಸಿದ. ಮುಂದೆ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಗುಬ್ಬಿಗೂಡು. ಮಾರ್ಲಿಸ್ ಚರ್ಚಿನವರ ಜೊತೆ ಕೌದಿ ಹೊಲಿಯಲು ಹೋಗಿದ್ದಳು, ಕೇಳುವವರಿರಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಸೈಕಲ್ ಬಿಟ್ಟವನು ಅರವತ್ತಮೂರರಲ್ಲಿ ಮತ್ತೆ ಹತ್ತಿದ. ಹೊಸದಾಗಿ ಹುಟ್ಟಿದ ಕರು ಎದ್ದು ನಿಲ್ಲುವ ಹಾಗೆ ನಾಲ್ಕು ದಿಕ್ಕಿಗೂ ವಾಲಿ, ಕಡೆಗೆ ಕೊಳವೆ ದಾಟಿದ. ಟಪ್ ಟಪ್ ಎಂದಿತು. ಅಂಚೆಪೆಟ್ಟಿಗೆಯ ಹತ್ತಿರ ತಿರುಗಿಸಿಕೊಂಡು ಬಂದ. ಮತ್ತೆ ಟಪ್ ಟಪ್. ಕಿವಿಗೆ ಹಿತವಾಗಿತ್ತು.

ನಲವತ್ತನೆಯ ಸಲ ದಾಟುವಾಗ ವರ್ನಾಳ ಕಾರು ಪಕ್ಕಕ್ಕೆ ಬಂದು ನಿಂತಿತು. ಊರಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ ಅವಳು. ಯಾರಿಗಾದರೂ ಕಾಯಿಲೆಯಾದರೆ ಅವಳು ಇಬ್ಬರಿಗೆ ಫೋನ್ ಮಾಡುತ್ತಾಳೆ, ಆ ಇಬ್ಬರು ನಾಲ್ವರಿಗೆ. ಅರ್ಧ ಗಂಟೆಯಲ್ಲಿ ಕಣಿವೆಯೆಲ್ಲ ಮೊಣಕಾಲೂರಿ ದೇವರನ್ನು ಕರೆಯುತ್ತದೆ.

"ಏನೋ ಹಾರ್ಲನ್, ಸೈಕಲ್ ಬೇಡ ಅಂತ ನನ್ ಕೈಲಿ ಸಹಿ ಹಾಕಿಸ್ಕೊಂಡೋನು ನೀನೇ ಅಲ್ವಾ?"

ಎಣಿಕೆಯ ಯಂತ್ರಕ್ಕೆ ಮೋಸ ಮಾಡುತ್ತಿದ್ದೇನೆ ಎನ್ನಲಾಗುತ್ತದೆಯೇ? ಮೊಣಕಾಲು ನೋವು, ಡಾಕ್ಟರು ಸೈಕಲ್ ತುಳಿ ಅಂದಿದ್ದಾರೆ ಎಂದ. ಮುಖ ಬೀಟ್‌ರೂಟಿನ ಹಾಗಾಗಿತ್ತು, ಮಾತಿಗೊಮ್ಮೆ ಏದುಸಿರು. ವರ್ನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಗಂಡನೂ ಬರೀ ಗ್ಯಾಸು ಕಣೇ ಅಂತ ಹೇಳುತ್ತಲೇ ಆಂಬುಲೆನ್ಸ್ ಹತ್ತಿದವನು. ಗಂಡಸರು ಮೊಣಕಾಲು ಎಂದರೆ ಅದು ಎದೆಯೇ ಎಂದು ಅವಳ ನಂಬಿಕೆ. ಕಾರು ತಿರುಗಿಸಿಕೊಂಡು ಮನೆಗೆ ಹೋಗಿ ಫೋನ್ ಎತ್ತಿದಳು.

ಸುದ್ದಿ ಮೊದಲ ಕೊಂಡಿಯಲ್ಲಿ ಹಾರ್ಲನ್‌ಗೆ ಎದೆ ಸರಿಯಿಲ್ಲ ಎಂದಿತ್ತು. ಮೂರನೆಯದರಲ್ಲಿ ಡಾಕ್ಟರು ಕೈಬಿಟ್ಟಿದ್ದರು. ಐದನೆಯದರಲ್ಲಿ, ಸೈಕಲ್ ಅಂದರೆ ಉರಿದುಬೀಳುತ್ತಿದ್ದವನು ಜೀವ ಉಳಿಸಿಕೊಳ್ಳಲು ಸೈಕಲ್ ತುಳಿಯುತ್ತಿದ್ದಾನೆ, ಒಬ್ಬನೇ, ಪಾಪ, ನೋಡಲಾಗುವುದಿಲ್ಲ ಎಂದಾಗಿತ್ತು.

ಹನ್ನೆರಡಕ್ಕೆ ಜಗಲಿಯ ಮೇಲೆ ಮೊದಲ ಆಲೂಗಡ್ಡೆ ಹಾಟ್‌ಡಿಶ್ ಬಂದು ಕೂತಿತು; ಕಷ್ಟ ಬಂದ ಮನೆಗೆ ಊರವರು ಬೇಯಿಸಿ ತರುವ ಊಟ ಅದು. ಒಂದಕ್ಕೆ ಪಾದ್ರಿಗಳು ತಮ್ಮ ಸೈಕಲ್ಲಿನಲ್ಲೇ ಬಂದರು. "ನೀನ್ ಮಾತಾಡ್ಬೇಡ, ಉಸಿರು ಉಳಿಸ್ಕೋ. ನಾನೂ ಜೊತೆಗೆ ಬರ್ತೀನಿ," ಎಂದು ಪಕ್ಕದಲ್ಲೇ ತುಳಿಯತೊಡಗಿದರು. ಪಾದ್ರಿಗಳೇ ಬಂದ ಮೇಲೆ ಊರು ಸುಮ್ಮನಿರುವುದುಂಟೆ? ಅಟ್ಟದಿಂದ, ಗ್ಯಾರೇಜಿನಿಂದ ಕಂಡುಕೇಳರಿಯದ ಸೈಕಲ್ಲುಗಳು ಹೊರಬಂದವು. ವರ್ನಾ ಮೂರು ಚಕ್ರದ ಸೈಕಲ್ ಮೇಲೆ, ಹಿಂದಿನ ಡಬ್ಬದಲ್ಲಿ ನೀರಿನ ಬಾಟಲಿ ತುಂಬಿಕೊಂಡು ಬಂದಳು. ಸಹಿ ಹಾಕಿದ್ದ ಮೂವತ್ತೊಂದು ಮಂದಿಯೂ ಮೂರು ಗಂಟೆಯೊಳಗೆ ರಸ್ತೆಯಲ್ಲಿದ್ದರು. ಅಂಚೆಪೆಟ್ಟಿಗೆಯಿಂದ ಸೇತುವೆಗೆ, ಸೇತುವೆಯಿಂದ ಅಂಚೆಪೆಟ್ಟಿಗೆಗೆ. ಯಾರೋ ಕೀರ್ತನೆ ಎತ್ತಿಕೊಂಡರು. ಕೊಳವೆ ಆಲಿಕಲ್ಲು ಬಿದ್ದ ತಗಡಿನ ಹಾಗೆ ಸದ್ದು ಮಾಡುತ್ತಿತ್ತು. ಹಾರ್ಲನ್‌ನ ಕಾಲು ಸೋತಿತ್ತು, ಮೈ ಸೋತಿತ್ತು, ಮನಸ್ಸು ಮಾತ್ರ ಲೆಕ್ಕ ಹಾಕಿ ಹಿಗ್ಗುತ್ತಿತ್ತು. ದೇವರು ತನ್ನ ಸುಳ್ಳಿಗೂ ಇಷ್ಟು ಜನರನ್ನು ಕಳಿಸಿಕೊಟ್ಟನಲ್ಲ ಎಂದು ಒಂದು ಕ್ಷಣ ಅಳುಕಾಯಿತು. ಆ ಅಳುಕನ್ನೂ ಕೊಳವೆಯ ಮೇಲೆ ಹಾಯಿಸಿಬಿಟ್ಟ.

ನಾಲ್ಕೂವರೆಗೆ ಮಾರ್ಲಿಸ್ ಮನೆಗೆ ಬಂದಳು. ಜಗಲಿಯಲ್ಲಿ ಸಾಲಾಗಿ ಒಂಬತ್ತು ಹಾಟ್‌ಡಿಶ್ ಕಂಡವು. ಆ ಊರಿನಲ್ಲಿ ಅಷ್ಟು ಹಾಟ್‌ಡಿಶ್‌ಗೆ ಒಂದೇ ಅರ್ಥ. ಕೈಚೀಲ ಕೆಳಗಿಟ್ಟು, "ಯಾವಾಗ ಹೋದ?" ಎಂದಳು.

"ಇನ್ನೂ ಹೋಗಿಲ್ಲ. ಅಗೋ, ಸೇತುವೆ ಹತ್ರ ತಿರುಗ್ತಾ ಇದಾನೆ," ಎಂದಳು ವರ್ನಾ.

ಐದಕ್ಕೆ ಸರಿಯಾಗಿ ರಾಡ್ನಿಯ ವ್ಯಾನು ಬಂತು. ಜೊತೆಯಲ್ಲಿ ರಸ್ತೆ ಸಮಿತಿಯ ಅಧ್ಯಕ್ಷೆ ಲೊರೇನ್. ಸವಾರರೆಲ್ಲ ಇಳಿದು ಬೆವರು ಒರೆಸಿಕೊಳ್ಳುತ್ತ ಸುತ್ತ ನಿಂತರು. ರಾಡ್ನಿ ಬೀಗ ತೆಗೆದು ನೋಡಿದ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ. ಒಂದು ಸಾವಿರದ ನೂರ ಹನ್ನೆರಡು. ಹತ್ತು ಗಂಟೆಯವರೆಗೆ ಸೊನ್ನೆ.

ಲೊರೇನ್ ಕೈಯಲ್ಲಿದ್ದ ಹಾಳೆಯನ್ನು ನಿಧಾನವಾಗಿ ಮಡಚಿದಳು.

"ನಿನ್ ಅರ್ಜಿ ಒಪ್ಪೋಣ ಅಂತಲೇ ಬರೆಸ್ಕೊಂಡು ಬಂದಿದ್ದೆ ಹಾರ್ಲನ್. ದಿನಕ್ಕೆ ಇಪ್ಪತ್ತೈದಕ್ಕಿಂತ ಕಮ್ಮಿ ಇದ್ರೆ ಸೈಕಲ್ ನಿಲ್ಸಬಹುದು, ಯಾರಿಗೂ ತೊಂದ್ರೆ ಇಲ್ಲ ಅಂತ ನಮ್ ನಿಯಮ. ಇನ್ನೂರು ದಾಟಿದ್ರೆ ರಸ್ತೆ ಸೈಕಲ್ಲಿನವರದ್ದು. ಶನಿವಾರ, ಭಾನುವಾರ ದನ ದಾಟಿಸೋ ಹಾಗಿಲ್ಲ."

ಹಾರ್ಲನ್ ಬಾಯಿ ತೆರೆದ. ಇದು ನನ್ನದೇ ಆಟ, ಎಣಿಕೆ ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸುತ್ತ ನೋಡಿದ. ಪಾದ್ರಿಗಳ ಅಂಗಿ ಬೆನ್ನಿಗೆ ಅಂಟಿತ್ತು. ವರ್ನಾ ಊದಿದ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿಕೊಂಡು ಹುಲ್ಲಿನ ಮೇಲೆ ಇಟ್ಟಿದ್ದಳು. ಮೂವತ್ತೊಂದು ಮುಖಗಳೂ ಅವನ ಎದೆಯನ್ನೇ ನೋಡುತ್ತಿದ್ದವು. ಹಾರ್ಲನ್ ಬಾಯಿ ಮುಚ್ಚಿದ.

ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿತ್ತು. ಆಚೆ ಮಾರ್ಲಿಸ್ ಬೇಲಿಯ ಬಾಗಿಲು ತೆಗೆದಳು. ಗರ್ಟಿ ರಸ್ತೆಯ ಅಂಚಿಗೆ ಬಂದು ನಿಂತಿತು. ಇಡೀ ದಿನ ಬೇಲಿಯ ಮೇಲೆ ಗದ್ದವಿಟ್ಟು ಸೈಕಲ್ಲುಗಳನ್ನು ನೋಡಿದ ಹಸು ಅದು. ಗುಡ್ಡದ ಕಡೆ ತಿರುಗಿಯೂ ನೋಡಲಿಲ್ಲ. ಮೂವತ್ತು ಚಿಲ್ಲರೆ ಸೈಕಲ್ಲುಗಳ ನಡುವೆ, ಚರ್ಚಿನಲ್ಲಿ ತನ್ನ ಜಾಗ ಗೊತ್ತಿದ್ದ ಹಿರಿಯ ಹೆಂಗಸಿನ ಹಾಗೆ ಸಾವಕಾಶವಾಗಿ ನಡೆದು ಬಂತು. ಹಿಂದೆ ನಲವತ್ತು ಹಸುಗಳೂ ಬಂದವು.

"ಎಷ್ಟು ಚೆನ್ನಾಗಿ ದಾಟ್ತವೆ," ಎಂದಳು ಲೊರೇನ್. "ಇದೇ ಕೊನೇ ಶನಿವಾರ ಅಂದ್ರೆ ಬೇಜಾರಾಗುತ್ತೆ."

ವರ್ನಾ ಹಾರ್ಲನ್‌ನ ಭುಜ ತಟ್ಟಿದಳು. ನೀನೊಬ್ಬನೇ ತುಳಿಯಬೇಕಾಗಿಲ್ಲ, ಎಲ್ಲರೂ ಸರದಿ ಹಾಕಿಕೊಂಡಿದ್ದೇವೆ, ಸೋಮವಾರ ಬೆಳಿಗ್ಗೆ ಆರಕ್ಕೆ ಬಂದು ಬೆಲ್ ಹೊಡೆಯುತ್ತೇವೆ ಎಂದು ಪಟ್ಟಿಯನ್ನು ಅವನ ಬುಟ್ಟಿಯಲ್ಲಿ, ಗುಬ್ಬಿಗೂಡಿನ ಮೇಲೆ ಇಟ್ಟಳು.