ಮಂಡಕ್ಕಿ ಚೀಲವೂ ನನ್ನ ನಿವ್ವಳ ಬಲವೂ

ಮಗಳು ಮೇಘಶ್ರೀಗೆ ಇನ್ನು ಮುಂದೆ ಭೌತಶಾಸ್ತ್ರ ಕಲಿಸುವವನು ನಾನೇ ಎಂದು ಭಾನುವಾರ ಮಧ್ಯಾಹ್ನ ಘೋಷಿಸಿಬಿಟ್ಟೆ! ನ್ಯಾಮತಿಯಲ್ಲಿ ಇಪ್ಪತ್ತು ವರ್ಷದಿಂದ ಗೊಬ್ಬರದ ಅಂಗಡಿ ನಡೆಸುವವನು ನಾನು. ಚೀಲ ಎತ್ತೀ ಎತ್ತೀ ಭುಜ ಸವೆದಿದೆ. ಬಲ ಎಂದರೇನೆಂದು ಒಂಬತ್ತನೇ ಕ್ಲಾಸಿನ ಪುಸ್ತಕ ನನಗೆ ಹೇಳಿಕೊಡಬೇಕೆ?

"ಪಾಠ ಏನಾದ್ರೂ ಮಾಡ್ಕಳ್ರಿ, ಮಂಡಕ್ಕಿ ಚೀಲ ಮಾತ್ರ ಮುಟ್ಟಬ್ಯಾಡ್ರಿ," ಎಂದು ಹೆಂಡತಿ ಪ್ರಮೀಳಾ ಅಡುಗೆಮನೆಯಿಂದಲೇ ಎಚ್ಚರಿಸಿದಳು. "ನಾಲ್ಕಕ್ಕೆ ಮಹಿಳಾ ಸಂಘದ ಮೂವತ್ತು ಜನ ಬರ್ತಾರೆ. ನನ್ನ ಮಾನ ಆ ಚೀಲದಾಗೈತೆ!"

"ನಿನ್ನ ಮಂಡಕ್ಕಿ ಯಾರಿಗೆ ಬೇಕು? ನನ್ನ ಪ್ರಯೋಗಕ್ಕೆ ಅಕ್ಕಿ ಚೀಲ!"

ಹಿತ್ತಿಲ ಬಾಗಿಲ ಬಳಿ ಎರಡು ಬಿಳಿ ಚೀಲಗಳಿದ್ದವು. ಒಂದೇ ಗಾತ್ರ, ಒಂದೇ ಹೊಲಿಗೆ.

"ಅಕ್ಕಿ ಯಾವುದಪ್ಪಾ? ಮುಟ್ಟಿ ನೋಡ್ಲಾ?" ಎಂದಳು ಮೇಘ.

"ಗೊಬ್ಬರದ ಅಂಗಡಿಯವನ ಮಗಳು ಚೀಲ ಮುಟ್ಟಿ ನೋಡೋದಾ! ನಾನು ಕಣ್ಣಲ್ಲೇ ತೂಕ ಹಾಕ್ತೀನಿ. ಎಡಗಡೇದು ಅಕ್ಕಿ, ಐವತ್ತು ಕೆಜಿ. ಈಗ ಕೇಳು. ನಾನು ಮೇಲಕ್ಕೆ ಎತ್ತತೀನಿ, ಭೂಮಿ ಕೆಳಕ್ಕೆ ಎಳಿತೈತೆ. ಒಂದರಾಗೆ ಒಂದು ಕಳೆದು ಉಳಿದಿದ್ದೇ ನಿವ್ವಳ ಬಲ. ದ್ರವ್ಯರಾಶಿ ಜಾಸ್ತಿ ಇದ್ರೆ ವೇಗೋತ್ಕರ್ಷ ಕಮ್ಮಿ. ಚೀಲ ಹೆಂಗೆ ಆನೆಯಂಗೆ ನಿಧಾನಕ್ಕೆ ಏಳ್ತೈತೆ, ನೋಡ್ತಿರು!"

ಪಂಚೆ ಎತ್ತಿ ಕಟ್ಟಿದೆ. ಹಿತ್ತಿಲ ಕಡೆ ಬೆನ್ನು ಮಾಡಿ ಚೀಲದ ಎರಡೂ ಮೂಲೆ ಹಿಡಿದೆ. ಐವತ್ತು ಕೆಜಿಯನ್ನು ಬೆನ್ನಿಗೇರಿಸಲು ಬೇಕಾದ ಸಕಲ ಶಕ್ತಿಯನ್ನೂ ಒಗ್ಗೂಡಿಸಿ, "ಐಸಾ!" ಎಂದೆ.

ಚೀಲ ಏಳಲಿಲ್ಲ, ಹಾರಿತು! ನನ್ನ ತಲೆಯ ಮೇಲಿಂದ, ಹಿತ್ತಿಲ ಬಾಗಿಲಿಂದಾಚೆಗೆ, ಸೀದಾ ನೀರಿನ ತೊಟ್ಟಿಗೆ! ಹೊಲಿಗೆ ಬಿಚ್ಚಿ ತೊಟ್ಟಿಯೆಲ್ಲ ಬೆಳ್ಳಗಾಯಿತು. ಅದರ ಹಿಂದೆಯೇ ಹೊರಟ ನಾನು ಹೊಸ್ತಿಲಲ್ಲಿ ಅಂಗಾತ ಬಿದ್ದೆ.

"ತಿಳೀತಪ್ಪಾ!" ಮೇಘ ಚಪ್ಪಾಳೆ ತಟ್ಟಿದಳು. "ನೀನು ಹಾಕಿದ್ದು ಐವತ್ತು ಕೆಜಿ ಎತ್ತೋ ಬಲ. ಮಂಡಕ್ಕಿ ಇದ್ದಿದ್ದು ಐದೇ ಕೆಜಿ. ಉಳಿದಿದ್ದೆಲ್ಲ ನಿವ್ವಳ ಬಲ! ಅದಕ್ಕೇ ಅಷ್ಟು ವೇಗೋತ್ಕರ್ಷ!"

ಸದ್ದು ಕೇಳಿ ಓಡಿಬಂದ ಪ್ರಮೀಳಾ ತೊಟ್ಟಿ ನೋಡಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಸೊಂಟದ ನೋವಿಗಿಂತ ಅದೇ ನನಗೆ ಹೆಚ್ಚು ನೋಯಿತು.

ಆದರೆ ಅವಳು ಅಳುತ್ತ ಕೂರುವವಳಲ್ಲ. "ಮಲಗಿ ಏನು ನೋಡ್ತೀರಿ? ಜರಡಿ ತರ್ರಿ! ಮುದ್ದೆ ಆಗೋದ್ರೊಳಗೆ ಎತ್ತಿ ಹಿಂಡ್ರಿ, ಒಗ್ಗರಣೆ ಹಾಕ್ತೀನಿ!"

ಹಿಂಡಿದೆ. ಅಂಗೈ ಸುಕ್ಕುಗಟ್ಟುವವರೆಗೂ ಹಿಂಡಿದೆ. ಖಾರ ಮಂಡಕ್ಕಿ ಆಗಬೇಕಿದ್ದದ್ದು ನಾಲ್ಕು ಗಂಟೆಗೆ ಬಿಸಿಬಿಸಿ ಒಗ್ಗರಣೆ ಮಂಡಕ್ಕಿಯಾಗಿ ಮೂವತ್ತು ತಟ್ಟೆಗೆ ಬಿತ್ತು. ಪ್ರಮೀಳಾ ತಿನ್ನುವವರ ಮುಖವನ್ನೇ ಒಂದೊಂದಾಗಿ ನೋಡುತ್ತ ನಿಂತಿದ್ದಳು.

ಸಂಘದ ಅಧ್ಯಕ್ಷೆ ಶಿವಲೀಲಾ ಎರಡನೇ ಸಲ ಹಾಕಿಸಿಕೊಂಡರು. "ಎಷ್ಟು ಮೆತ್ತಗಾಗೈತೆ ಪ್ರಮೀಳಾ! ಚೀಲಗಟ್ಲೆ ಮಂಡಕ್ಕಿ ಯಾರು ನೆನೆಸಿದ್ರು?"

"ನಮ್ಮನೆಯವ್ರೇ. ಒಂದೇ ಏಟಿಗೆ!"

ನಾನು ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬಂದು ಎದೆಯುಬ್ಬಿಸಿ ನಿಂತೆ.

"ಹಂಗಾದ್ರೆ ಮುಂದಿನ ತಿಂಗಳು ನಮ್ಮನೆಗೂ ಇವರನ್ನ ಕಳಿಸವ್ವಾ."

"ಅದಕ್ಕೇನಕ್ಕಾ, ಕಳಿಸ್ತೀನಿ," ಎಂದಳು ನನ್ನ ಅರ್ಧಾಂಗಿ. "ತೊಟ್ಟಿ ತುಂಬ ನೀರು ಬಿಟ್ಟಿರ್ರಿ. ಹತ್ರ ಮಾತ್ರ ಯಾರೂ ನಿಂತ್ಕಬ್ಯಾಡ್ರಿ!"