ಮುಂದ ಸರೀರಿ, ಜಾಗಾ ಅದ

ನಮ್ಮ ಸೋದರಮಾವನಿಗೆ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಕುಡಿತದ ಸುದ್ದಿ ತೆಗೆಯಬೇಡಿ, ಚಹಾ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಬಸ್ ಕಂಡಕ್ಟರ್ ಆಗಿದ್ದ, ಅಷ್ಟೇ. ವಿಜಯಪುರ, ಬಬಲೇಶ್ವರ, ಮಮದಾಪುರ ಎಂದು ಸೇವೆಯುದ್ದಕ್ಕೂ ಓಡುವ ಬಸ್ಸಿನಲ್ಲೇ ನಿಂತವನಿಗೆ ಅಲುಗದ ನೆಲ ಒಗ್ಗುವುದಾದರೂ ಹೇಗೆ? ಹಿಟ್ಟಿನ ಗಿರಣಿಯ ಸಾಲಿನಲ್ಲೂ ಅತ್ತಿತ್ತ ತೂಗುತ್ತಾನೆ, ದೇವರ ಕೋಣೆಯ ಮುಂದೆಯೂ ತೂಗುತ್ತಾನೆ. ನನ್ನ ಮದುವೆಯ ಫೋಟೊದಲ್ಲಿ ಎಲ್ಲರಿಗೂ ಒಂದೊಂದು ಮುಖ. ಮಾಮಾನಿಗೆ ಮಾತ್ರ ಎರಡು!

ಇಂಥವನು ನಿವೃತ್ತನಾದ ಮೇಲೆ ಕುಣಿತ ಶುರು ಮಾಡಿದರೆ ಆಶ್ಚರ್ಯವೇನು? ಅಥಣಿ ರಸ್ತೆಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ರವಿವಾರ ಮಧ್ಯಾಹ್ನ. ಯಾರು ಬೇಕಾದರೂ ಬರಬಹುದು. ಊರೆಲ್ಲ ರೊಟ್ಟಿ ಉಂಡು ಮಲಗುವ ಹೊತ್ತು ಅದು. ಕಿಟಕಿಯ ಹಳೆಯ ಪರದೆಯಿಂದ ಬಿಸಿಲು ಸೋಸಿಕೊಂಡು ಹಳದಿಯಾಗಿ ಬೀಳುತ್ತದೆ, ಫ್ಯಾನು ಆಕಳಿಸುತ್ತ ತಿರುಗುತ್ತದೆ, ಸಣ್ಣ ಸ್ಪೀಕರಿನಿಂದ ಹಳೆಯ ಹಾಡೊಂದು ನಿಧಾನವಾಗಿ ಬರುತ್ತದೆ. ನಾವೆಲ್ಲ ಕೈ ಕೈ ಹಿಡಿದು ದುಂಡಗೆ ಸುತ್ತುತ್ತೇವೆ. ಅರ್ಧ ಎಚ್ಚರ, ಅರ್ಧ ನಿದ್ದೆ. ಒಮ್ಮೊಮ್ಮೆ ಹಾಡು ಮುಗಿದದ್ದೇ ತಿಳಿಯದೆ ಇನ್ನೊಂದು ಸುತ್ತು ಹೋಗಿರುತ್ತೇವೆ.

ನಡೆಸುವುದು ಮಾತ್ರ ಥೇಟ್ ಬಸ್ಸಿನ ಪದ್ಧತಿ. ಮಾಮಾನ ಕೊರಳಲ್ಲಿ ಅದೇ ಹಳೆಯ ಸೀಟಿ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. "ಮುಂದ ಸರೀರಿ. ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಜಾಗಾ ಅದ."

ಮೊದಲ ದಿನ ನಾನು ಹೊಸ್ತಿಲಲ್ಲೇ ನಿಂತು, "ಮಾಮಾ, ನನಗ ಕುಣ್ಯಾಕ ಬರೂದಿಲ್ಲ" ಅಂದೆ.

"ಬಸ್ ಹತ್ತಾವರಿಗೆಲ್ಲಾ ಬಸ್ ಹೊಡ್ಯಾಕ ಬರ್ತದೇನ? ಹತ್ತು."

ಹತ್ತಿದೆ. ನನ್ನ ಪಕ್ಕದಲ್ಲಿ ಕಾಳಿನ ವ್ಯಾಪಾರಿ, ತಮ್ಮ ಅಂಗಡಿಯ ಮೂಟೆಯಂಥ ಮೈಯವರು. ಅವರು ಹೆಜ್ಜೆ ತಪ್ಪಿ ಆಚೆಯ ನಿವೃತ್ತ ಮಾಸ್ತರರ ಕಾಲನ್ನೇ ತುಳಿದರು. ಮಾಸ್ತರರು ಸಿಡುಕಿದರು: "ಇವ್ರಿಗೆ ಮೊದಲ ಹೆಜ್ಜಿ ಕಲಿಸ್ರಿ."

"ರಷ್ ಇದ್ದಾಗ ಕಾಲ ತುಳೀತಾರ್ರಿ ಸರ. ಸಂಭಾಳಿಸ್ಕೊಂಡು ಹೋಗ್ರಿ" ಅಂದ ಮಾಮಾ. ಇನ್ನು ಯಾರಿಗೆ ದೂರುವುದು?

ಇಷ್ಟೆಲ್ಲ ಯಾರಿಗಾಗಿ ಎಂಬುದು ಗುಟ್ಟೇನಲ್ಲ. ಹೋದ ವರ್ಷ ನಮ್ಮ ಅತ್ತಿ, ಅಂದರೆ ಮಾಮಾನ ಹೆಂಡತಿ, ಬಚ್ಚಲಲ್ಲಿ ಜಾರಿ ಬಿದ್ದಳು. ಎಲುಬು ಕೂಡಿತು, ಹೆದರಿಕೆ ಹೋಗಲಿಲ್ಲ. ನಡೆಯದಿದ್ದರೆ ಕಾಲು ಪೂರ್ತಿ ಸೋತುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದರೂ ಅವಳು ಎದ್ದರೆ ನನ್ನ ಹೆಗಲು ಬೇಕು. ಮಾಮಾನ ಕೈಯಂತೂ ಹಿಡಿಯುವುದೇ ಇಲ್ಲ. "ತಾವ ತೂಗ್ತಾರ, ಅವರನ್ನ ಹಿಡದು ನಾ ಹ್ಯಾಂಗ ನಿಂದರ್ಲಿ?" ಅನ್ನುತ್ತಾಳೆ. ರವಿವಾರ ಗೋಡೆಯ ಬದಿ ಕುರ್ಚಿಯಲ್ಲಿ ಕೂತು ಎಲ್ಲರ ಚೀಲ ಕಾಯುತ್ತಾಳೆ. ಹೊರಡುವ ಮುಂಚೆ ಮಾಮಾ ಪ್ರತಿ ಸಲ ಕೇಳುತ್ತಾನೆ: "ಬರ್ತಿಯೇನ?"

"ನೀವು ಹೋಗ್ರಿ. ನಾ ಇಲ್ಲೇ ಆರಾಮ ಅದೀನಿ."

ಅವನು ಸೀಟಿ ಊದುತ್ತಾನೆ, ಆದರೆ ಅದರಲ್ಲಿ ಜೀವವಿರುವುದಿಲ್ಲ. ನೋಡಿ ನನಗೆ ಸಂಕಟವಾಗುತ್ತಿತ್ತು.

ಕಂಡಕ್ಟರಿಕೆಯಲ್ಲೂ ಯಾರನ್ನಾದರೂ ಬಿಟ್ಟು ಹೊರಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ದೂರದ ಬದುವಿನ ಮೇಲೆ ಯಾವುದೋ ಮುದುಕಿ ಸೆರಗು ಬೀಸಿದ್ದು ಕಂಡರೆ ಸಾಕು, ಬಸ್ಸು ನಿಂತಿತು. ಒಳಗಿನವರು ಗೊಣಗಿದರೆ, "ನಾವು ಗಾಲಿ ಮ್ಯಾಲ ಅದೀವಿ, ಆಕಿ ಕಾಲ ಮ್ಯಾಲ ಬರಾಕತ್ತಾಳ. ತಡೀರಿ" ಅನ್ನುತ್ತಿದ್ದನಂತೆ.

ಮೊನ್ನೆಯ ರವಿವಾರ ಹಾಡಿನ ನಡುವೆಯೇ ಒಂದು ಸೀಟಿ ಕೇಳಿತು. ಯಾರೋ ಬಿದ್ದರೆಂದು ಗಾಬರಿಯಾಗಿ ನಿಂತೆವು. ಹಾಡೂ ನಿಂತಿತು. ಯಾರೂ ಬಿದ್ದಿರಲಿಲ್ಲ, ಅತ್ತಿ ಎದ್ದಿದ್ದಳು. ಕುರ್ಚಿ ಬಿಟ್ಟು ಗೋಡೆ ಹಿಡಿದಳು, ಆಮೇಲೆ ಗೋಡೆಯನ್ನೂ ಬಿಟ್ಟು ಒಂದು ಹೆಜ್ಜೆ ಇಟ್ಟಳು. ನಾನು ಹೆಗಲು ಕೊಡಲು ಓಡಿದೆ. ಮಾಮಾ ಕೈ ಅಡ್ಡ ಹಿಡಿದ.

"ಹಾಡು ಹಚ್ಚಲೇನ್ರಿ?" ಕಾಳಿನ ವ್ಯಾಪಾರಿ ಪಿಸುಗುಟ್ಟಿದರು.

"ತಡೀರಿ. ಮಂದಿ ಬರಾಕತ್ತಾರ."

ಆ ಹಳದಿ ಬಿಸಿಲನ್ನು ದಾಟಿಕೊಂಡು, ಕನಸಿನಲ್ಲಿ ನಡೆದವಳಂತೆ, ಅತ್ತಿ ಬಂದಳು. ದುಂಡಿನ ಹತ್ತಿರ ನಿಂತು ಏದುಸಿರಿನಲ್ಲಿ ಕೇಳಿದಳು: "ಜಾಗಾ ಅದ ಏನ್ರಿ?"

ಮಾಮಾ ಕೈ ಚಾಚಿದ. ಸೀಟಿ ಬಾಯಿಗಿಟ್ಟು ಊದಿದರೆ ಬರೀ ಗಾಳಿ ಬಂತು. ಅವನ ಕಣ್ಣು ತುಂಬಿತ್ತು. ಅತ್ತಿ ಬಸ್ಸಿನ ಕಂಬ ಹಿಡಿದಂತೆ ಎರಡೂ ಕೈಯಿಂದ ಅವನ ತೋಳು ಹಿಡಿದುಕೊಂಡಳು. ಜೀವಮಾನದಲ್ಲಿ ಮೊದಲ ಸಲ ನೋಡಿದೆ: ನಮ್ಮ ಮಾಮಾ ಒಂದಿಷ್ಟೂ ತೂಗದೆ ನೆಟ್ಟಗೆ ನಿಂತಿದ್ದ.

"ರೈಟ್ ಅನ್ರಿ ಮತ್ತ" ಅಂದಳು ಅತ್ತಿ.